ಕೆಂಪು ಶಾಯಿಯ ಮೂರು ಸಾಲುಗಳು: ಒಂದು ಔಷಧ ಅಲರ್ಜಿ ಪರೀಕ್ಷಾ ಕೇಂದ್ರ ಮತ್ತು ಒಂದು ಅಡ್ರಿನಲಿನ್ ಪೆನ್ನಿನ ವಿಮರ್ಶೆ

ಔಷಧ ಅಲರ್ಜಿಯ ಪರೀಕ್ಷೆಗೆಂದೇ ಇರುವ ಒಂದು ಕೇಂದ್ರದಲ್ಲಿ ನಾನು ಹೋದ ವರ್ಷ ನಾಲ್ಕು ಹಗಲು ಕಳೆದಿದ್ದೇನೆ. ಒಳಗೆ ಹೋದಾಗ ನನ್ನ ಕಡತದ ಮೇಲೆ ಕೆಂಪು ಶಾಯಿಯ ಮೂರು ಸಾಲುಗಳಿದ್ದವು: ಪೆನಿಸಿಲಿನ್ ಕೊಡಬಾರದು, ಅಜಿತ್ರೊಮೈಸಿನ್ ಕೊಡಬಾರದು, ನೋವಿನ ಮಾತ್ರೆ ಯಾವುದನ್ನೂ ಕೊಡಬಾರದು. ಹೊರಗೆ ಬಂದಾಗ ಒಂದೇ ಸಾಲು ಉಳಿದಿತ್ತು, ಅದರಲ್ಲಿ ಎರಡು ಔಷಧಗಳ ಹೆಸರಷ್ಟೇ ಇತ್ತು. ಈ ಬರಹ ಆ ಕೇಂದ್ರದ ಸೇವೆಯ ವಿಮರ್ಶೆ. ಜೊತೆಗೆ, ಆ ಸೇವೆ ಸಿಗುವ ತನಕ ನಾನು ಕೈಚೀಲದಲ್ಲಿ ಇಟ್ಟುಕೊಂಡು ತಿರುಗಿದ, ಅಲರ್ಜಿಯ ಆಘಾತವಾದಾಗ ತೊಡೆಗೆ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ನಿನ ವಿಮರ್ಶೆಯೂ ಹೌದು. ಮೆಚ್ಚುಗೆಯ ಜೊತೆಗೆ ಒಂದೆರಡು ದೂರುಗಳೂ ಇರುವುದರಿಂದ ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ. ಇಂಥ ಕೇಂದ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಕ್ರಮವನ್ನು ಅನುಸರಿಸುವುದರಿಂದ, ಬೇರೆಡೆ ಹೋಗುವವರಿಗೂ ಇದು ಉಪಯೋಗಕ್ಕೆ ಬಂದೀತು.

ಮೊದಲು ಆ ಮೂರು ಸಾಲುಗಳು ಹೇಗೆ ಸೇರಿಕೊಂಡವು ಎಂಬುದನ್ನು ಹೇಳಬೇಕು. ಪೆನಿಸಿಲಿನ್‌ನ ಸಾಲು ನನಗಿಂತ ನಾಲ್ಕು ವರ್ಷವಷ್ಟೇ ಚಿಕ್ಕದು. ಜ್ವರಕ್ಕೆಂದು ಕೊಟ್ಟ, ಪೆನಿಸಿಲಿನ್ ಗುಂಪಿಗೇ ಸೇರಿದ ಅಮಾಕ್ಸಿಸಿಲಿನ್ ಸಿರಪ್ಪಿನ ಐದನೆಯ ದಿನ ಮೈತುಂಬ ದದ್ದು ಎದ್ದಿತ್ತಂತೆ. ಅಂದಿನಿಂದ ಅಮ್ಮ ಎಲ್ಲ ವೈದ್ಯರ ಮುಂದೆಯೂ "ಇವಳಿಗೆ ಪೆನಿಸಿಲಿನ್ ಆಗಿಬರುವುದಿಲ್ಲ" ಎಂದೇ ಮಾತು ಆರಂಭಿಸುತ್ತಿದ್ದರು, ವೈದ್ಯರೂ ಅದನ್ನೇ ಬರೆದುಕೊಳ್ಳುತ್ತಿದ್ದರು. ಉಳಿದ ಎರಡು ಸಾಲುಗಳು ಒಂದೇ ಸಂಜೆಯಲ್ಲಿ ಹುಟ್ಟಿದವು. ಹಲ್ಲು ಕೀಳಿಸಿಕೊಂಡು ಬಂದವಳು ಅಜಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಮಾತ್ರೆಯನ್ನೂ ಡೈಕ್ಲೊಫೆನಾಕ್ ಎಂಬ ನೋವಿನ ಮಾತ್ರೆಯನ್ನೂ ಒಟ್ಟಿಗೆ ನುಂಗಿದೆ. ಕಾಲು ಗಂಟೆಯೊಳಗೆ ಅಂಗೈ, ಅಂಗಾಲುಗಳಲ್ಲಿ ತುರಿಕೆ ಶುರುವಾಯಿತು. ಆಮೇಲೆ ಕಿವಿಗಳು ಕಾದವು, ಕುತ್ತಿಗೆಯಿಂದ ಹೊಟ್ಟೆಯವರೆಗೆ ಗಂಧೆಗಳೆದ್ದವು, ಧ್ವನಿ ಬೇರೆ ಯಾರದೋ ಎಂಬಂತೆ ಒರಟಾಯಿತು, ಹೊಟ್ಟೆ ಹಿಂಡಿ ವಾಂತಿಯಾಯಿತು. ಇವೆಲ್ಲಕ್ಕಿಂತ ಹೆಚ್ಚಾಗಿ ನೆನಪಿನಲ್ಲಿ ಉಳಿದಿರುವುದು, ಏನೋ ಕೊನೆಯಾಗುತ್ತಿದೆ ಎಂಬ ಕಾರಣವಿಲ್ಲದ ಭಯ. ಅದು ಕೂಡ ಈ ಸ್ಥಿತಿಯ ಒಂದು ಲಕ್ಷಣವೆಂದು ವೈದ್ಯಕೀಯದಲ್ಲಿ ಗುರುತಿಸಲಾಗಿದೆ ಎಂಬುದು ನನಗೆ ಆಮೇಲೆ ತಿಳಿಯಿತು.

ಆ ಹೊತ್ತಿನಲ್ಲಿ ನಾವು ಮಾಡಿದ ಎರಡು ತಪ್ಪುಗಳನ್ನು ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ, ಏಕೆಂದರೆ ಕೇಂದ್ರದ ತರಬೇತಿಯಲ್ಲಿ ನನಗೆ ಮೊದಲು ತಿಳಿಸಿ ಹೇಳಿದ್ದು ಇವನ್ನೇ. ನಮ್ಮ ಯಜಮಾನರು ಮನೆಯಲ್ಲಿದ್ದ ಸೆಟಿರಿಜಿನ್ ಎಂಬ ಅಲರ್ಜಿ ಮಾತ್ರೆ ಕೊಟ್ಟು, ಅದು ಕೆಲಸ ಮಾಡಲೆಂದು ಕಾದರು. ಆ ಮಾತ್ರೆ ತುರಿಕೆಯನ್ನು ತಗ್ಗಿಸಬಲ್ಲದೇ ಹೊರತು ಇಳಿಯುತ್ತಿರುವ ರಕ್ತದೊತ್ತಡವನ್ನು ಎತ್ತುವ ಶಕ್ತಿ ಅದಕ್ಕಿಲ್ಲ. ಎರಡನೆಯ ತಪ್ಪು ನನ್ನದು. ಮುಖ ತೊಳೆಯಲೆಂದು ಎದ್ದು ನಿಂತೆ, ನಿಂತಲ್ಲೇ ಕುಸಿದೆ. ಇಂಥ ಸ್ಥಿತಿಯಲ್ಲಿ ರಕ್ತನಾಳಗಳು ಹಿಗ್ಗುತ್ತವೆ, ಅವುಗಳ ಗೋಡೆಗಳು ಸೋರತೊಡಗುತ್ತವೆ. ಹತ್ತೇ ನಿಮಿಷಗಳಲ್ಲಿ ನಾಳದೊಳಗಿನ ದ್ರವದ ಮೂರನೆಯ ಒಂದು ಭಾಗದಷ್ಟು ಹೊರಗಿನ ಅಂಗಾಂಶಕ್ಕೆ ಹೋಗಿಬಿಡಬಲ್ಲದು. ಆಗ ಥಟ್ಟನೆ ಎದ್ದು ನಿಂತರೆ ಹೃದಯಕ್ಕೆ ಮರಳುವ ರಕ್ತವೇ ಸಾಲದಾಗುತ್ತದೆ, ಹೀಗೆ ಎದ್ದು ನಿಂತ ಕ್ಷಣದಲ್ಲೇ ಪ್ರಾಣ ಕಳೆದುಕೊಂಡವರಿದ್ದಾರೆ. ಅಂಗಾತ ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಬೇಕು. ಉಸಿರಾಟವೇ ಕಷ್ಟವಾಗಿದ್ದರೆ ಮಾತ್ರ ಕಾಲು ಚಾಚಿ ಕೂರಲು ಬಿಡಬೇಕು. ಬಸುರಿಯಾದರೆ ಎಡಮಗ್ಗುಲಿಗೆ ಮಲಗಿಸಬೇಕು. ಆಂಬುಲೆನ್ಸ್ ಸಿಬ್ಬಂದಿ ಬಂದವರೇ ನನ್ನ ತೊಡೆಯ ಹೊರಮಗ್ಗುಲಿಗೆ ಅಡ್ರಿನಲಿನ್ ಚುಚ್ಚಿದರು, ಐದು ನಿಮಿಷ ಬಿಟ್ಟು ಮತ್ತೊಮ್ಮೆ ಚುಚ್ಚಿದರು. ಎರಡನೆಯದರ ಬಳಿಕ ನನ್ನ ಧ್ವನಿ ನನಗೆ ವಾಪಸು ಬಂತು.

ಆಸ್ಪತ್ರೆಯವರು ಒಂದು ರಾತ್ರಿ ಇರಿಸಿಕೊಂಡರು. ಮೊದಲ ಆಘಾತ ತಣ್ಣಗಾದ ಕೆಲವು ಗಂಟೆಗಳ ನಂತರ, ಔಷಧವನ್ನು ಮತ್ತೆ ಮುಟ್ಟದಿದ್ದರೂ, ಎರಡನೆಯ ಅಲೆಯೊಂದು ಕೆಲವರಲ್ಲಿ ಬರುವುದುಂಟು. ನನಗೆ ಬರಲಿಲ್ಲ. ಮರುದಿನ ಬಿಡುಗಡೆಯ ಹಾಳೆಯಲ್ಲಿ ಅನಾಫಿಲಾಕ್ಸಿಸ್, ಅಂದರೆ ಇಡೀ ಮೈಗೆ ಆಗುವ ತೀವ್ರ ಅಲರ್ಜಿಯ ಆಘಾತ, ಎಂದು ಬರೆದು, ಎರಡು ಅಡ್ರಿನಲಿನ್ ಪೆನ್ನುಗಳನ್ನು ಕೈಗಿತ್ತು, ಕಡತಕ್ಕೆ ಎರಡು ಹೊಸ ಸಾಲುಗಳನ್ನು ಸೇರಿಸಿ ಕಳಿಸಿದರು. ಅಲ್ಲಿ ಎಲ್ಲರ ಅನುಮಾನವೂ ಆಂಟಿಬಯಾಟಿಕ್ ಮೇಲೆಯೇ ಇತ್ತು. ಡೈಕ್ಲೊಫೆನಾಕ್ ಅನ್ನು ನಾನು ಬೆನ್ನುನೋವಿಗೆಂದು ಹಲವು ಸಲ ನುಂಗಿದ್ದೆ, ಏನೂ ಆಗಿರಲಿಲ್ಲ. ಆದ್ದರಿಂದ ಅದು ನಿರಪರಾಧಿ ಎಂದು ನಾನೂ ವಾದಿಸಿದ್ದೆ. ಆದರೂ ಎಲ್ಲದಕ್ಕೂ ಇರಲಿ ಎಂದು ನೋವಿನ ಮಾತ್ರೆಗಳ ಇಡೀ ವರ್ಗಕ್ಕೆ ನಿಷೇಧ ಬಿತ್ತು.

ಕೇಂದ್ರದ ಮೊದಲ ಭೇಟಿಗೆ ನಾಲ್ಕು ತಿಂಗಳು ಕಾಯಬೇಕಾಯಿತು. ಅನಾಫಿಲಾಕ್ಸಿಸ್ ಆದ ಕೂಡಲೇ ಚರ್ಮಪರೀಕ್ಷೆ ಮಾಡಿದರೆ ಫಲಿತಾಂಶ ಸುಳ್ಳಾಗಿ ಬರುವ ಸಾಧ್ಯತೆ ಇರುವುದರಿಂದ ನಾಲ್ಕರಿಂದ ಆರು ವಾರ ಬಿಡುವುದು ರೂಢಿ ಎಂಬುದು ನಿಜ. ಆದರೆ ಉಳಿದ ತಿಂಗಳುಗಳಿಗೆ ಸರದಿಯ ಸಾಲನ್ನು ಬಿಟ್ಟರೆ ಬೇರೆ ಕಾರಣವಿರಲಿಲ್ಲ. ಆ ಅವಧಿಯಲ್ಲಿ ತಲೆನೋವು ಬಂದರೂ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಲಗಿದವಳು ನಾನು. ಕಾಯುವವರಿಗೆ ಮಧ್ಯಂತರದಲ್ಲಿ ಯಾವುದನ್ನು ನಿರ್ಭಯವಾಗಿ ತೆಗೆದುಕೊಳ್ಳಬಹುದೆಂದು ಒಂದು ದೂರವಾಣಿ ಕರೆಯಲ್ಲಾದರೂ ಹೇಳುವ ವ್ಯವಸ್ಥೆಯನ್ನು ಅವರು ಮಾಡಿಕೊಳ್ಳಬೇಕಿತ್ತು.

ಮೊದಲ ದಿನ ವ್ಯರ್ಥವಾಯಿತು. ಚರ್ಮಪರೀಕ್ಷೆಯಲ್ಲಿ ಔಷಧದ ಹನಿಗಳ ಜೊತೆಗೆ ಎರಡು ಸಾಕ್ಷಿಹನಿಗಳನ್ನು ಇಡುತ್ತಾರೆ: ಒಂದು ಬರೀ ಉಪ್ಪುನೀರು, ಅದರ ಜಾಗದಲ್ಲಿ ಏನೂ ಏಳಬಾರದು, ಇನ್ನೊಂದು ಅಲರ್ಜಿಯಾದಾಗ ದೇಹವೇ ಸುರಿಯುವ ಹಿಸ್ಟಮಿನ್, ಅಲ್ಲಿ ಗುಳ್ಳೆ ಏಳಲೇಬೇಕು. ನನ್ನ ಮುಂಗೈಯಲ್ಲಿ ಹಿಸ್ಟಮಿನ್‌ನ ಜಾಗವೂ ನುಣ್ಣಗೇ ಇತ್ತು. ನರ್ಸ್ ತುಸು ಹೊತ್ತು ನೋಡಿ, "ಮೇಡಂ, ನೆಗಡಿಗೆ ಏನಾದರೂ ತೆಗೆದುಕೊಂಡಿದ್ದಿರಾ?" ಎಂದು ಕೇಳಿದರು. ಮೂರು ದಿನ ಹಿಂದೆ ನೆಗಡಿಯ ಮಾತ್ರೆಯೊಂದನ್ನು ನುಂಗಿದ್ದೆ. ಅದರಲ್ಲಿ ಹಿಸ್ಟಮಿನ್ ಕೆಲಸವನ್ನು ತಡೆಯುವ ಆಂಟಿಹಿಸ್ಟಮಿನ್ ಇತ್ತು. ಕೇಂದ್ರ ಕಳಿಸಿದ್ದ ಪತ್ರದಲ್ಲಿ ಅಲರ್ಜಿ ಮಾತ್ರೆಗಳನ್ನು ಏಳು ದಿನ ಮೊದಲೇ ನಿಲ್ಲಿಸಬೇಕೆಂದು ಬರೆದಿತ್ತು ಹೊರತು ನೆಗಡಿ, ಕೆಮ್ಮಿನ ಔಷಧಗಳಲ್ಲೂ ಅದೇ ಅಂಶ ಅಡಗಿರುತ್ತದೆ ಎಂಬ ಒಂದು ವಾಕ್ಯ ಇರಲಿಲ್ಲ. ನಮ್ಮಲ್ಲಿ ಯಾರು ನೆಗಡಿ ಮಾತ್ರೆಯನ್ನು ಅಲರ್ಜಿ ಮಾತ್ರೆ ಎನ್ನುತ್ತಾರೆ? ಆ ಒಂದು ವಾಕ್ಯದ ಕೊರತೆಯಿಂದ ನನಗೆ ಒಂದು ರಜೆ, ಅವರಿಗೆ ಒಂದು ಹಾಸಿಗೆಯ ದಿನ ನಷ್ಟವಾಯಿತು. ಕೆಲವು ರಕ್ತದೊತ್ತಡದ ಮಾತ್ರೆಗಳ ಬಗ್ಗೆಯೂ, ವಿಶೇಷವಾಗಿ ಅಡ್ರಿನಲಿನ್‌ನ ಕೆಲಸಕ್ಕೆ ಅಡ್ಡಬರುವ ಬೀಟಾ ಬ್ಲಾಕರ್‌ಗಳ ಬಗ್ಗೆ, ಪತ್ರದಲ್ಲಿ ಸ್ಪಷ್ಟವಾಗಿ ಕೇಳಿದ್ದರು. ಅಷ್ಟರಮಟ್ಟಿಗೆ ಪತ್ರ ಸರಿಯಾಗಿತ್ತು.

ಆ ದಿನವನ್ನು ಪೂರ್ತಿ ಕೈಬಿಡದೆ, ವೈದ್ಯರು ನನ್ನನ್ನು ಕೂರಿಸಿಕೊಂಡು ಒಂದು ಗಂಟೆಗೂ ಹೆಚ್ಚು ಹೊತ್ತು ಪ್ರಶ್ನೆಗಳನ್ನೇ ಕೇಳಿದರು. ಈ ಸೇವೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಭಾಗ ಇದೇ. ಯಾವ ಮಾತ್ರೆ ಮೊದಲು, ಯಾವುದು ಆಮೇಲೆ, ನಡುವೆ ಎಷ್ಟು ನಿಮಿಷ. ಮೊದಲ ತುರಿಕೆ ಎಲ್ಲಿ. ಗಂಧೆ ಒಂದೇ ಜಾಗದಲ್ಲಿ ನಿಂತಿತ್ತೋ ಜಾಗ ಬದಲಿಸುತ್ತಿತ್ತೋ. ಆ ಸಂಜೆ ಓಡಾಟ, ಜ್ವರ, ನಿದ್ದೆಗೇಡು ಇತ್ತೇ. ಹಲ್ಲಿನ ವೈದ್ಯರು ಕೈಗೆ ಹಾಕಿದ್ದ ಗವಸು ಲ್ಯಾಟೆಕ್ಸ್‌ನದೇ, ಬಾಯಿ ಮುಕ್ಕಳಿಸಲು ಕೊಟ್ಟ ದ್ರಾವಣದಲ್ಲಿ ಕ್ರಿಮಿನಾಶಕವಾದ ಕ್ಲೋರ್‌ಹೆಕ್ಸಿಡಿನ್ ಇತ್ತೇ, ಮರಗಟ್ಟಿಸಲು ಕೊಟ್ಟ ಚುಚ್ಚುಮದ್ದು ಯಾವುದು. ಗವಸು, ಮುಕ್ಕಳಿಸುವ ನೀರು ಇವೆಲ್ಲ ಅಪರಾಧಿಗಳಾಗಬಹುದೆಂದು ನನಗೆ ಹೊಳೆದೇ ಇರಲಿಲ್ಲ. ಅವೆಲ್ಲವೂ ಮಾತ್ರೆಗಳಿಗಿಂತ ಮೂರು ಗಂಟೆ ಮೊದಲೇ ಮುಗಿದಿದ್ದವು ಎಂಬುದನ್ನು ಖಚಿತಪಡಿಸಿಕೊಂಡು ಪಟ್ಟಿಯಿಂದ ತೆಗೆದರು. ಆಮೇಲೆ ಆಸ್ಪತ್ರೆಯಿಂದ ತರಿಸಿದ್ದ ಒಂದು ರಕ್ತಪರೀಕ್ಷೆಯ ಹಾಳೆ ತೋರಿಸಿದರು. ಘಟನೆಯಾಗಿ ಎರಡು ಗಂಟೆಯೊಳಗೆ ಯಾರೋ ಪುಣ್ಯಾತ್ಮರು ಟ್ರಿಪ್ಟೇಸ್‌ಗೆಂದು ರಕ್ತ ತೆಗೆದಿಟ್ಟಿದ್ದರು. ಅಲರ್ಜಿಯಲ್ಲಿ ಕೆರಳುವ ಮಾಸ್ಟ್ ಕೋಶಗಳು ಒಳಗಿನದನ್ನು ಸುರಿದಾಗ ಹೊರಬೀಳುವ ಈ ಕಿಣ್ವ ಕೆಲವೇ ಗಂಟೆಗಳಲ್ಲಿ ಇಳಿದುಹೋಗುತ್ತದೆ, ತಡಮಾಡಿದರೆ ಸಾಕ್ಷಿ ಅಳಿಸಿದಂತೆಯೇ ಸರಿ. ಆರಾಮಾಗಿರುವಾಗಿನ ಮಟ್ಟವನ್ನು 1.2ರಿಂದ ಗುಣಿಸಿ 2 ಕೂಡಿಸಿದರೆ ಬರುವ ಸಂಖ್ಯೆಗಿಂತ ಘಟನೆಯ ಹೊತ್ತಿನ ಮಟ್ಟ ಹೆಚ್ಚಿದ್ದರೆ, ಆದದ್ದು ಮಾಸ್ಟ್ ಕೋಶಗಳ ಸ್ಫೋಟವೇ ಎನ್ನಬಹುದು. ನನ್ನ ಮಾಮೂಲು ಮಟ್ಟ 4.1, ಅಂದಿನದು 19.4. ನನಗೆ ಹೆದರಿಕೆಯಿಂದ ತಲೆ ತಿರುಗಿತ್ತು ಎಂದು ಹೇಳಿದ್ದ ಬಂಧುಗಳಿಗೆ ತೋರಿಸಲು ಆ ಎರಡು ಸಂಖ್ಯೆಗಳನ್ನು ಬರೆದುಕೊಂಡು ಬಂದೆ.

"ಹಿಂದೆ ಎಷ್ಟೋ ಸಲ ನುಂಗಿದ್ದೇನೆ, ಏನೂ ಆಗಿಲ್ಲ" ಎಂಬ ನನ್ನ ವಾದಕ್ಕೆ ವೈದ್ಯರು ಕೊಟ್ಟ ಉತ್ತರ ಅನಾಫಿಲಾಕ್ಸಿಸ್ ಎಂಬ ಪದದ ಹುಟ್ಟಿನಲ್ಲೇ ಇತ್ತು. 1902ರಲ್ಲಿ ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಸಮುದ್ರಜೀವಿಯ ವಿಷವನ್ನು ನಾಯಿಗಳಿಗೆ ಅಲ್ಪ ಪ್ರಮಾಣದಲ್ಲಿ ಕೊಟ್ಟು ಅವುಗಳಲ್ಲಿ ರಕ್ಷಣೆ ಬೆಳೆಸಬಹುದೇ ಎಂದು ನೋಡುತ್ತಿದ್ದರು. ಮೊದಲ ಸಲ ಏನೂ ಆಗದ ನಾಯಿ, ಕೆಲವು ವಾರಗಳ ನಂತರ ಅಲ್ಪ ಪ್ರಮಾಣವನ್ನೇ ಮತ್ತೆ ಕೊಟ್ಟಾಗ ನಿಮಿಷಗಳಲ್ಲಿ ಸತ್ತಿತು. ರಕ್ಷಣೆಗೆ ವಿರುದ್ಧವಾದದ್ದು ಎಂಬ ಅರ್ಥ ಬರುವಂತೆ ಗ್ರೀಕಿನಿಂದ ಈ ಪದವನ್ನು ಕಟ್ಟಿದರು. ಈ ಕೆಲಸಕ್ಕೆ ರಿಶೆಗೆ 1913ರಲ್ಲಿ ನೊಬೆಲ್ ಬಂತು. ಮೊದಲ ಭೇಟಿಗಳಲ್ಲಿ ದೇಹ ಸದ್ದಿಲ್ಲದೆ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿ ಮಾಸ್ಟ್ ಕೋಶಗಳ ಮೇಲೆ ಕೂರಿಸುತ್ತದೆ. ಮುಂದೊಂದು ಸಲ ಅದೇ ವಸ್ತು ಬಂದಾಗ ಕೋಶಗಳು ಹಿಸ್ಟಮಿನ್ ಮೊದಲಾದವನ್ನು ಒಮ್ಮೆಗೇ ಸುರಿಯುತ್ತವೆ. ಹಾಗಾಗಿ ಹಿಂದೆ ನುಂಗಿದ್ದ ಔಷಧವೇ ಹೆಚ್ಚು ಅನುಮಾನಕ್ಕೆ ಅರ್ಹವೆಂದು ಅವರು ನಕ್ಕರು. ಪ್ರತಿಕಾಯದ ಹಂಗಿಲ್ಲದೆ ಮಾಸ್ಟ್ ಕೋಶವನ್ನು ನೇರವಾಗಿ ಕೆಣಕುವ ಔಷಧಗಳೂ ಇವೆ, ವ್ಯಾಂಕೊಮೈಸಿನ್, ಸಿಪ್ರೊಫ್ಲಾಕ್ಸಾಸಿನ್‌ನಂಥವು. ಅವು ಮೊದಲ ಸಲವೇ ಕಾಟ ಕೊಡಬಲ್ಲವು.

ಎರಡನೆಯ ದಿನ ಪೆನಿಸಿಲಿನ್‌ನ ಸರದಿ. ಮುಂಗೈಯಲ್ಲಿ ಪೆನ್ನಿನಿಂದ ಅಂಕೆಗಳನ್ನು ಬರೆದು, ಪ್ರತಿ ಅಂಕೆಯ ಪಕ್ಕ ಒಂದೊಂದು ಹನಿ ಇಟ್ಟು, ಹನಿಯ ಮೂಲಕ ಚರ್ಮವನ್ನು ಸಣ್ಣ ಮೊನೆಯಿಂದ ಮೀಟಿದರು. ಈ ಸಲ ಹಿಸ್ಟಮಿನ್‌ನ ಜಾಗ ಐದು ನಿಮಿಷಕ್ಕೇ ಸೊಳ್ಳೆ ಕಚ್ಚಿದಂತೆ ಉಬ್ಬಿತು. ಕೆರೆದುಕೊಳ್ಳಬಾರದೆಂದು ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ. ಕಾಲು ಗಂಟೆಯ ನಂತರ ಪಾರದರ್ಶಕ ಅಳತೆಪಟ್ಟಿಯಿಂದ ಗುಳ್ಳೆಗಳನ್ನು ಅಳೆದರು. ಉಪ್ಪುನೀರಿನ ಜಾಗಕ್ಕಿಂತ 3 ಮಿಲಿಮೀಟರ್ ಹೆಚ್ಚಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ನನ್ನಲ್ಲಿ ಏನೂ ಇರಲಿಲ್ಲ. ಚರ್ಮದೊಳಗೆ ಅತಿ ಸಣ್ಣ ಪ್ರಮಾಣ ಚುಚ್ಚಿ ಸಾಸಿವೆಗಾತ್ರದ ಬೊಬ್ಬೆ ಎಬ್ಬಿಸಿ ನೋಡುವ ಮುಂದಿನ ಹಂತವೂ ಶಾಂತವಾಗಿ ಮುಗಿಯಿತು. ಬಾಲ್ಯದಲ್ಲಿ ಬರೀ ದದ್ದು ಎದ್ದಿದ್ದವರಿಗೆ ಚರ್ಮಪರೀಕ್ಷೆಯೇ ಬೇಡ, ನೇರವಾಗಿ ಬಾಯಿಗೆ ಕೊಟ್ಟು ನೋಡಬಹುದು ಎಂಬುದು ಈಚಿನ ಕ್ರಮವಂತೆ; ನನಗೆ ಈಚೆಗಷ್ಟೇ ದೊಡ್ಡ ಆಘಾತವಾಗಿದ್ದರಿಂದ ಅವರು ಉದ್ದದ ದಾರಿಯನ್ನೇ ಹಿಡಿದರು. ಆಮೇಲೆ ಅಮಾಕ್ಸಿಸಿಲಿನ್‌ನ ಹತ್ತನೆಯ ಒಂದು ಪಾಲು, ಅರ್ಧ ಗಂಟೆ ಬಿಟ್ಟು ಪೂರ್ಣ ಪ್ರಮಾಣ.

ಇಲ್ಲಿ ನಡೆದದ್ದೊಂದನ್ನು ಹೇಳದೆ ಮುಂದೆ ಹೋಗಲಾರೆ. ನನಗೆ ಕೊಟ್ಟದ್ದು ಎರಡಲ್ಲ, ಮೂರು ಕ್ಯಾಪ್ಸೂಲ್. ಮೊದಲನೆಯದನ್ನು ನುಂಗಿ ಹತ್ತು ನಿಮಿಷವಾಗಿರಲಿಲ್ಲ, ಗಂಟಲು ಕಟ್ಟಿದಂತಾಯಿತು, ಅಂಗೈ ತುರಿಸಿತು, ಎದೆ ನಗಾರಿಯಂತೆ ಹೊಡೆದುಕೊಂಡಿತು. ಗುಂಡಿ ಒತ್ತಿದೆ. ನರ್ಸ್ ಓಡಿಬಂದು ರಕ್ತದೊತ್ತಡ, ಆಮ್ಲಜನಕದ ಮಟ್ಟ, ಊದುವ ಕೊಳವೆಯಲ್ಲಿ ಉಸಿರಿನ ಬಲ ಎಲ್ಲವನ್ನೂ ನೋಡಿ, ಅಂಗಿಯ ತೋಳು ಸರಿಸಿ ಚರ್ಮ ನೋಡಿ, "ಇನ್ನೊಂದು ಹತ್ತು ನಿಮಿಷ ನೋಡೋಣ, ನಾನು ಇಲ್ಲೇ ಕೂರುತ್ತೇನೆ" ಎಂದು ಪಕ್ಕದಲ್ಲೇ ಕೂತರು. ಎಲ್ಲವೂ ತಾನಾಗಿ ಇಳಿಯಿತು. ಸಂಜೆ, ಎಲ್ಲ ಮುಗಿದ ಮೇಲೆ, ಮೊದಲ ಕ್ಯಾಪ್ಸೂಲಿನಲ್ಲಿ ಔಷಧವೇ ಇರಲಿಲ್ಲವೆಂದು ತಿಳಿಸಿದರು. ನಾಚಿಕೆಯಾಯಿತು, ಆದರೆ ಅವರ ಮುಖದಲ್ಲಿ ಅಪಹಾಸ್ಯದ ಸುಳಿವೂ ಇರಲಿಲ್ಲ. ಒಮ್ಮೆ ಸಾವಿನ ಹತ್ತಿರ ಹೋಗಿಬಂದವರಲ್ಲಿ ಇದು ಸಾಮಾನ್ಯ, ಅದಕ್ಕೆಂದೇ ಖಾಲಿ ಕ್ಯಾಪ್ಸೂಲ್‌ನಿಂದ ಆರಂಭಿಸುತ್ತೇವೆ ಎಂದರು. ಇದಾಗುತ್ತದೆಂದು ಒಪ್ಪಿಗೆಪತ್ರದಲ್ಲಿ ಒಂದು ಸಾಲು ಇತ್ತಂತೆ. ಆರು ಪುಟದ ಆ ಪತ್ರವನ್ನು ನಾನು ಪೂರ್ತಿ ಓದಿರಲಿಲ್ಲ.

ಅಮಾಕ್ಸಿಸಿಲಿನ್ ಏನೂ ಮಾಡಲಿಲ್ಲ. ತಡವಾಗಿ ದದ್ದು ಬರಬಹುದೆಂದು ಐದು ದಿನ ಮೈಯನ್ನು ನೋಡಿಕೊಳ್ಳಲು ಹೇಳಿದ್ದರು, ಅದೂ ಬರಲಿಲ್ಲ. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲವೆಂದು ಆಮೇಲೆ ತಿಳಿಯಿತು. ಪೆನಿಸಿಲಿನ್ ಆಗಿಬರುವುದಿಲ್ಲವೆಂದು ಹೇಳಿಕೊಳ್ಳುವವರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮಂದಿ ಪರೀಕ್ಷೆಯ ನಂತರ ಅದನ್ನು ನಿರಾತಂಕವಾಗಿ ತೆಗೆದುಕೊಳ್ಳುತ್ತಾರೆ. ನಿಜವಾದ ಐಜಿಇ ಅಲರ್ಜಿ ಇದ್ದವರಲ್ಲೂ 100ಕ್ಕೆ ಸುಮಾರು 80 ಮಂದಿಯಲ್ಲಿ ಹತ್ತು ವರ್ಷಗಳಲ್ಲಿ ಅದು ಕರಗಿಹೋಗುತ್ತದೆ. ಮಕ್ಕಳ ದದ್ದುಗಳಲ್ಲಿ ಹೆಚ್ಚಿನವು ಔಷಧಕ್ಕಲ್ಲ, ಔಷಧ ಕೊಡಲು ಕಾರಣವಾದ ವೈರಸ್ಸಿಗೇ ಸೇರಿದವು. ಆ ಒಂದು ಸಾಲಿನ ದೆಸೆಯಿಂದ ಇಷ್ಟು ವರ್ಷ ನನಗೆ ಅಗತ್ಯಕ್ಕಿಂತ ವಿಸ್ತಾರವಾಗಿ ಕೊಲ್ಲುವ ಆಂಟಿಬಯಾಟಿಕ್‌ಗಳನ್ನು ಕೊಡುತ್ತ ಬಂದಿದ್ದರು.

ಮೂರನೆಯ ದಿನ ಅಜಿತ್ರೊಮೈಸಿನ್; ಏನೂ ಆಗಲಿಲ್ಲ, ಹೇಳಲೂ ಏನಿಲ್ಲ.

ನಾಲ್ಕನೆಯ ದಿನ ಅತ್ಯಂತ ಜಾಣತನದ ದಿನವಾಗಿತ್ತು. ಡೈಕ್ಲೊಫೆನಾಕ್‌ಗೆ ನಂಬಬಹುದಾದ ಚರ್ಮಪರೀಕ್ಷೆ ಇಲ್ಲ, ಮತ್ತು ಆಘಾತ ತೀವ್ರವಾಗಿದ್ದರಿಂದ ಅದನ್ನೇ ಮತ್ತೆ ಬಾಯಿಗೆ ಕೊಟ್ಟು ನೋಡುವ ಅಪಾಯವನ್ನು ಅವರು ತೆಗೆದುಕೊಳ್ಳಲು ಸಿದ್ಧರಿರಲಿಲ್ಲ. ಆದ್ದರಿಂದ ಆಸ್ಪಿರಿನ್ ಕೊಟ್ಟರು. ನನಗೆ ಗಾಬರಿಯಾಯಿತು, ಆಮೇಲೆ ತರ್ಕ ತಿಳಿಯಿತು. ನೋವಿನ ಮಾತ್ರೆಗಳಿಗೆ ಮೈ ಕೆರಳುವವರು ಎರಡು ಬಗೆ. ಮೊದಲ ಬಗೆಯವರಲ್ಲಿ ದೋಷ ಔಷಧದ ಕೆಲಸದಲ್ಲೇ ಇದೆ: ಕಾಕ್ಸ್-1 ಎಂಬ ಕಿಣ್ವವನ್ನು ತಡೆದಾಗ ದೇಹದ ರಸಾಯನ ಉರಿಯೂತ ಎಬ್ಬಿಸುವ ಲ್ಯೂಕೊಟ್ರೀನ್‌ಗಳ ಕಡೆಗೆ ವಾಲುತ್ತದೆ, ಗಂಧೆಯೋ ಉಬ್ಬಸವೋ ಬರುತ್ತದೆ, ಅಂಥವರಿಗೆ ಆ ಕಿಣ್ವವನ್ನು ಬಲವಾಗಿ ತಡೆಯುವ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಯಾವುದೂ ಆಗಿಬರುವುದಿಲ್ಲ. ಎರಡನೆಯ ಬಗೆಯವರಿಗೆ ಒಂದು ಔಷಧದ ಆಕಾರವಷ್ಟೇ ವೈರಿ, ಉಳಿದವುಗಳ ಜೊತೆ ಜಗಳವಿಲ್ಲ. ಆಸ್ಪಿರಿನ್ ಕಾಕ್ಸ್-1 ಅನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಆಕಾರದಲ್ಲಿ ಡೈಕ್ಲೊಫೆನಾಕ್‌ಗೆ ನೆಂಟನಲ್ಲ. ಅದನ್ನು ತಾಳಿಕೊಂಡರೆ ನಾನು ಎರಡನೆಯ ಬಗೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಏರುಪ್ರಮಾಣದಲ್ಲಿ, ಒಂದೊಂದರ ನಡುವೆ ಒಂದೂವರೆ ಗಂಟೆ ಬಿಟ್ಟು ಕೊಟ್ಟರು. ತಾಳಿಕೊಂಡೆ. ಮನೆಗೆ ಹೋಗುವಾಗ ಐಬುಪ್ರೊಫೆನ್ ಕೂಡ ಬಳಸಬಹುದೆಂಬ ಮಾತು ಸಿಕ್ಕಿತು, ಕೆಂಪು ಸಾಲು ಹೀಗೆ ಬದಲಾಯಿತು: ಡೈಕ್ಲೊಫೆನಾಕ್ ಮತ್ತು ಅಸೆಕ್ಲೊಫೆನಾಕ್ ಯಾವ ರೂಪದಲ್ಲೂ ಕೊಡಬಾರದು. ಅಸೆಕ್ಲೊಫೆನಾಕ್ ಆಕಾರದಲ್ಲಿ ಇದರ ಒಡಹುಟ್ಟು, ದೇಹದೊಳಗೆ ಅದರ ಸ್ವಲ್ಪ ಭಾಗ ಡೈಕ್ಲೊಫೆನಾಕ್ ಆಗಿಯೇ ಮಾರ್ಪಡುತ್ತದೆ. "ಯಾವ ರೂಪದಲ್ಲೂ" ಎಂಬ ಮಾತಿಗೆ ವೈದ್ಯರು ಗೆರೆ ಎಳೆದರು: ಮಂಡಿಗೆ ಹಚ್ಚುವ ಜೆಲ್, ಕಣ್ಣಿನ ಹನಿ, ಚುಚ್ಚುಮದ್ದು ಎಲ್ಲ ಅದರಲ್ಲಿ ಬಂತು.

ಈಗ ಪೆನ್ನಿನ ಮಾತು. ಅಡ್ರಿನಲಿನ್ ಪೆನ್ನು ಮೂಲದಲ್ಲಿ ಸೈನಿಕರಿಗಾಗಿ, ನರಗಳನ್ನು ಹಾಳುಮಾಡುವ ಅನಿಲಕ್ಕೆ ಪ್ರತಿವಿಷವನ್ನು ತಾವೇ ಚುಚ್ಚಿಕೊಳ್ಳಲು ಮಾಡಿದ ಉಪಕರಣದ ಸಂತಾನ. ಅಮೆರಿಕದಲ್ಲಿ 1987ರಲ್ಲಿ ಅನುಮೋದನೆ ಸಿಕ್ಕಿತು. ಅದರ ಗುಣವೂ ಸೈನಿಕ ಉಪಕರಣದ್ದೇ: ಲೆಕ್ಕ ಹಾಕುವಂತಿಲ್ಲ, ಸಿರಿಂಜಿಗೆ ಎಳೆಯುವಂತಿಲ್ಲ, ಬೀಗಮುಚ್ಚಳ ತೆಗೆದು ತೊಡೆಯ ಹೊರಮಗ್ಗುಲಿಗೆ ಒತ್ತಿದರೆ ಸ್ಪ್ರಿಂಗ್ ಉಳಿದದ್ದನ್ನು ಮಾಡುತ್ತದೆ. ಬಟ್ಟೆಯ ಮೇಲಿಂದಲೇ ಚುಚ್ಚಬಹುದು, ಜೇಬಿನಲ್ಲಿರುವ ವಸ್ತು ಮತ್ತು ದಪ್ಪ ಹೊಲಿಗೆಯನ್ನು ತಪ್ಪಿಸಿದರೆ ಸಾಕು. 30 ಕಿಲೋ ಮೀರಿದವರಿಗೆ 0.3 ಮಿಲಿಗ್ರಾಂ, 15ರಿಂದ 30 ಕಿಲೋದ ಮಕ್ಕಳಿಗೆ 0.15 ಮಿಲಿಗ್ರಾಂ ಇರುವವು ಸಾಮಾನ್ಯ. ಒಂದೇ ಔಷಧ ನಾಳಗಳನ್ನು ಬಿಗಿಗೊಳಿಸಿ, ಹೃದಯಕ್ಕೆ ಬಲ ಕೊಟ್ಟು, ಶ್ವಾಸನಾಳಗಳನ್ನು ಸಡಿಲಿಸಿ, ಮಾಸ್ಟ್ ಕೋಶಗಳು ಇನ್ನಷ್ಟು ಸುರಿಯದಂತೆ ತಡೆಯುತ್ತದೆ. ಈ ನಾಲ್ಕನ್ನೂ ಒಟ್ಟಿಗೆ ಮಾಡುವ ಬೇರೆ ಔಷಧ ಮನೆಯಲ್ಲಿ ಇರಲಾರದು.

ಆದರೆ ಪೆನ್ನನ್ನು ಕೊಟ್ಟ ಆಸ್ಪತ್ರೆ ನನಗೆ ತರಬೇತಿ ಪೆನ್ನು ಕೊಟ್ಟಿರಲಿಲ್ಲ. ಸೂಜಿಯೂ ಔಷಧವೂ ಇಲ್ಲದ ಈ ನಕಲಿ ಪೆನ್ನನ್ನು ನಾನು ಮೊದಲು ಕಂಡದ್ದು ಕೇಂದ್ರದಲ್ಲಿ. ನರ್ಸ್ ಅದನ್ನು ನಮ್ಮ ಯಜಮಾನರ ಕೈಗಿತ್ತು, "ಇವರು ಈಗ ಬಿದ್ದಿದ್ದಾರೆ, ಚುಚ್ಚಿ ಸರ್" ಎಂದರು. ಇವರು ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಗುಂಡಿ ಅಲ್ಲಿರಬಹುದೆಂದುಕೊಂಡು, ಒಂದು ತುದಿಯ ಮೇಲೆ ಹೆಬ್ಬೆರಳಿಟ್ಟು ಜೋರಾಗಿ ಒತ್ತಿದರು. ಅದು ಸೂಜಿ ಹೊರಬರುವ ತುದಿ. ನಿಜವಾದ ಪೆನ್ನಾಗಿದ್ದರೆ ನನ್ನ ಪಾಲಿನ ಔಷಧ ಅವರ ಹೆಬ್ಬೆರಳಿಗೆ ಹೋಗಿ, ಬೆರಳಿನ ರಕ್ತಸಂಚಾರಕ್ಕೂ ಅಪಾಯವಾಗುತ್ತಿತ್ತು. ಇದು ಎಲ್ಲೆಡೆ ಆಗುವ ತಪ್ಪಂತೆ. ಎರಡು ತುದಿಗಳಿಗೆ ಬೇರೆ ಬೇರೆ ಬಣ್ಣವಿದ್ದರೂ ಗಾಬರಿಯ ಹೊತ್ತಿನಲ್ಲಿ ಬಣ್ಣ ಯಾವುದೂ ಕೆಲಸಕ್ಕೆ ಬರುವುದಿಲ್ಲ, ಕೈಗೆ ರೂಢಿಯಾಗಿರಬೇಕು. ಹೆಬ್ಬೆರಳು ಯಾವ ತುದಿಯ ಮೇಲೂ ಹೋಗಬಾರದೆಂಬ ನಿಯಮವನ್ನು ಅವರು ಹತ್ತು ಸಲ ಮಾಡಿಸಿ ಕಲಿಸಿದರು. ಒತ್ತಿ ಹಿಡಿಯುವ ಹೊತ್ತು ಕೆಲವು ಪೆನ್ನುಗಳಲ್ಲಿ 3 ಸೆಕೆಂಡು, ಕೆಲವುಗಳಲ್ಲಿ 10. ಹೊಸ ಪೆನ್ನು ಬಂದಾಗಲೆಲ್ಲ ಕಾಗದ ಓದಲೇಬೇಕು. ಒಂದರಿಂದ ಗುಣವಾಗದಿದ್ದರೆ ಐದು ನಿಮಿಷಕ್ಕೆ ಎರಡನೆಯದು ಬೇಕಾಗುವುದರಿಂದ ಸದಾ ಎರಡನ್ನು ಒಟ್ಟಿಗೆ ಇಟ್ಟುಕೊಳ್ಳಬೇಕು.

ಪೆನ್ನಿನ ಮೇಲೆ ನನ್ನ ದೂರು ಅದರ ಸೂಕ್ಷ್ಮ ಸ್ವಭಾವದ್ದು. 20ರಿಂದ 25 ಡಿಗ್ರಿ ಸೆಲ್ಸಿಯಸ್ ಅದಕ್ಕೆ ಇಷ್ಟ. ಫ್ರಿಜ್ಜಿನಲ್ಲಿ ಇಡುವಂತಿಲ್ಲ, ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡುವಂತಿಲ್ಲ, ಬೆಳಕು ತಾಗಿಸುವಂತಿಲ್ಲ. ಪಕ್ಕದ ಪುಟ್ಟ ಕಿಟಕಿಯಲ್ಲಿ ದ್ರವ ಕಂದಾಗಿ ಕಂಡರೆ ಬದಲಿಸಬೇಕು, ಕಾಣದಿದ್ದರೂ ಒಂದೂವರೆ ವರ್ಷದ ಆಸುಪಾಸಿನಲ್ಲಿ ಅವಧಿ ಮುಗಿಯುತ್ತದೆ. ಗಾತ್ರವೂ ಕಡಿಮೆಯಲ್ಲ, ಎರಡು ಪೆನ್ನು ಸೇರಿದರೆ ಕನ್ನಡಕದ ಡಬ್ಬಿಯಷ್ಟು. 2024ರಲ್ಲಿ ಮೂಗಿಗೆ ಸಿಂಪಡಿಸುವ ಅಡ್ರಿನಲಿನ್‌ಗೆ ಅಮೆರಿಕದಲ್ಲಿ ಅನುಮೋದನೆ ಸಿಕ್ಕಿದೆ, ಸೂಜಿಗೆ ಹೆದರುವವರಿಗೆ ಅದು ದಾರಿಯಾದೀತು. ನಾನು ಕೈಯಲ್ಲಿ ಹಿಡಿದಿಲ್ಲವಾದ್ದರಿಂದ ಅಭಿಪ್ರಾಯ ಹೇಳುವುದಿಲ್ಲ.

ಇಷ್ಟೆಲ್ಲ ಕಲಿಸಿದ ಮೇಲೆ, ಕೊನೆಯ ದಿನ ವೈದ್ಯರು ನನಗೆ ಪೆನ್ನು ಇನ್ನು ಬೇಕಿಲ್ಲ ಎಂದುಬಿಟ್ಟರು. ಕಣಜ ಎಲ್ಲಿ ಬಂದು ಕುಟುಕುತ್ತದೆಂದು ಯಾರೂ ಹೇಳಲಾರರು, ಕಾರಣವೇ ತಿಳಿಯದ ಅನಾಫಿಲಾಕ್ಸಿಸ್‌ನವರಿಗೂ ಮುನ್ಸೂಚನೆ ಇರುವುದಿಲ್ಲ. ಅವರಿಗೆ ಪೆನ್ನು ಜೀವ. ನನ್ನ ವೈರಿಯ ಹೆಸರು ಗೊತ್ತಿದೆ, ಅದು ಯಾರಾದರೂ ಕೊಡದೆ, ನಾನಾಗಿ ತೆಗೆದುಕೊಳ್ಳದೆ ಮೈಸೇರುವುದಿಲ್ಲ. ಅವರ ತರ್ಕ ನನಗೆ ಸರಿಯೆನಿಸಿತು, ಧೈರ್ಯ ಮಾತ್ರ ಬರಲಿಲ್ಲ. ಇದ್ದ ಎರಡರ ಅವಧಿ ಮುಗಿಯುವ ತನಕ ಇಟ್ಟುಕೊಳ್ಳುತ್ತೇನೆ ಎಂದೆ, ಅವರು ನಕ್ಕು ಒಪ್ಪಿದರು.

ಎಲ್ಲ ಬಗೆಯ ಔಷಧ ತೊಂದರೆಗೂ ಈ ಕೇಂದ್ರ ಮದ್ದಲ್ಲ ಎಂಬುದನ್ನೂ ಹೇಳಬೇಕು. ಅಪಸ್ಮಾರಕ್ಕೆ ಕೊಟ್ಟ ಕಾರ್ಬಮಜೆಪಿನ್‌ನಿಂದ ಚರ್ಮವೂ ಬಾಯಿಯ ಒಳಪದರವೂ ಸುಲಿದುಹೋಗಿದ್ದ ಒಬ್ಬರು ಕಾಯುವ ಕೋಣೆಯಲ್ಲಿ ನನ್ನ ಪಕ್ಕ ಕೂತಿದ್ದರು. ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಎಂಬ ಇದು ಮಾಸ್ಟ್ ಕೋಶಗಳ ವ್ಯವಹಾರವಲ್ಲ, ರೋಗನಿರೋಧಕ ವ್ಯವಸ್ಥೆಯ ಇನ್ನೊಂದು ಬಗೆಯವಾದ ಟಿ ಕೋಶಗಳದು. ನಿಮಿಷಗಳಲ್ಲಿ ಬರುವುದಿಲ್ಲ, ಹೆಚ್ಚಾಗಿ ವಾರಗಳ ನಂತರ ಬರುತ್ತದೆ, ಮತ್ತು ಇಂಥವರಿಗೆ ಅದೇ ಔಷಧವನ್ನು ಕೊಟ್ಟು ನೋಡುವುದನ್ನು ಯಾವ ಕೇಂದ್ರವೂ ಮಾಡಬಾರದು. ಅವರಿಗೆ ಅಲ್ಲಿ ಸಿಕ್ಕಿದ್ದು ಏನನ್ನು ಜೀವನಪೂರ್ತಿ ಮುಟ್ಟಬಾರದೆಂಬ ಪಟ್ಟಿ. ಕೆಲವು ಜನಸಮುದಾಯಗಳಲ್ಲಿ ಎಚ್‌ಎಲ್‌ಎ-ಬಿ*15:02 ಎಂಬ ಜೀನ್ ಗುರುತನ್ನು ಮೊದಲೇ ನೋಡಿ ಈ ಔಷಧವನ್ನು ತಪ್ಪಿಸಬಹುದೆಂದೂ ಅವರೇ ನನಗೆ ತಿಳಿಸಿದರು. ತಮಗೆ ಅದು ಯಾರೂ ಹೇಳಿರಲಿಲ್ಲ ಎಂಬ ಮಾತನ್ನೂ ಸೇರಿಸಿದರು.

ಐದರಲ್ಲಿ ಅಂಕ ಕೊಡಬೇಕೆಂದರೆ, ವೈದ್ಯರ ವಿಚಾರಣೆಗೆ ಮತ್ತು ನರ್ಸ್‌ಗಳ ನಿಗಾಕ್ಕೆ ಐದು. ಮುಂಚೆ ಕಳಿಸುವ ಪತ್ರಕ್ಕೆ ಎರಡು. ಸರದಿಯ ವ್ಯವಸ್ಥೆಗೆ ಒಂದೂವರೆ. ಪೆನ್ನಿಗೆ ನಾಲ್ಕು, ತರಬೇತಿ ಪೆನ್ನು ಜೊತೆಗಿಲ್ಲದಿದ್ದರೆ ಎರಡು. ಪರೀಕ್ಷೆಯ ನಂತರದ ಕಾಗದಪತ್ರದಲ್ಲಿ ಇನ್ನೊಂದು ಕೊರತೆಯಿದೆ. ಕೇಂದ್ರದ ತೀರ್ಮಾನದ ಪತ್ರ ನನ್ನ ವೈದ್ಯರೊಬ್ಬರಿಗೆ ಮಾತ್ರ ಹೋಯಿತು. ಹಲ್ಲಿನ ವೈದ್ಯರು, ಹಳೆಯ ಆಸ್ಪತ್ರೆ, ಔಷಧ ಅಂಗಡಿ, ಎಲ್ಲ ಕಡೆಗೂ ಪ್ರತಿ ಹಿಡಿದು ಅಲೆದವಳು ನಾನು. ಔಷಧ ಅಂಗಡಿಯ ಕಂಪ್ಯೂಟರಿನಲ್ಲಿ ಪೆನಿಸಿಲಿನ್ ಇನ್ನೂ ಕೆಂಪು ಅಕ್ಷರದಲ್ಲೇ ಇದೆ, ಡೈಕ್ಲೊಫೆನಾಕ್ ಇಲ್ಲವೇ ಇಲ್ಲ. ಎರಡು ಸಲ ಪತ್ರ ತೋರಿಸಿ ಬಂದಿದ್ದೇನೆ. ಬರುವ ವಾರ ಮತ್ತೊಂದು ಪ್ರತಿ ತೆಗೆಸಿಕೊಂಡು ಹೋಗುವುದಿದೆ.